ತಂಗಿಯ ಬಿಳಿರಕ್ತಕಣ ಎಣಿಸಿದ ದಿನಗಳು

ಬಿಳಿರಕ್ತಕಣ ಎಣಿಸುವುದು ಬೇಸರದ ಕೆಲಸ. ಅರ್ಧ ಆಯುಷ್ಯ ಅದನ್ನೇ ಮಾಡಿದವನು ಹೇಳುತ್ತಿದ್ದೇನೆ, ನಂಬಿ. ರಕ್ತವನ್ನು ಗಾಜಿನ ಸಣ್ಣ ಪಿಪೆಟ್ಟಿನಲ್ಲಿ ಎಳೆದು, ದ್ರಾವಣ ಬೆರೆಸಿ ಕುಲುಕಿ, ಗೆರೆ ಕೊರೆದ ಗಾಜಿನ ಮೇಲೆ ಒಂದು ಹನಿ ಬಿಡಬೇಕು. ಮೈಕ್ರೋಸ್ಕೋಪಿನಲ್ಲಿ ಇಣುಕಿದರೆ ಚೌಕಗಳು ಕಾಣುತ್ತವೆ. ನಾಲ್ಕು ಮೂಲೆಯ ನಾಲ್ಕು ದೊಡ್ಡ ಚೌಕಗಳಲ್ಲಿ ಇರುವ ಕಣಗಳನ್ನು ಎಣಿಸಿ ಐವತ್ತರಿಂದ ಗುಣಿಸಿದರೆ ಲೆಕ್ಕ ಮುಗಿಯಿತು. ಗೆರೆಯ ಮೇಲೇ ಕೂತ ಕಣಗಳಿಗೆ ಒಂದು ನಿಯಮವಿದೆ. ಎಡಗಡೆಯ ಗೆರೆ, ಮೇಲಿನ ಗೆರೆ ಮುಟ್ಟಿದವನ್ನು ಸೇರಿಸಬೇಕು. ಬಲಗಡೆ ಮತ್ತು ಕೆಳಗಿನ ಗೆರೆಯವನ್ನು ಬಿಡಬೇಕು. ಇದರಲ್ಲಿ ತಲೆ ಖರ್ಚು ಮಾಡುವಂಥದ್ದು ಏನೂ ಇಲ್ಲ. ಸಾಗರದ ಬಸ್ ನಿಲ್ದಾಣದ ಹತ್ತಿರದ ಒಂದು ಪುಟ್ಟ ಲ್ಯಾಬಿನಲ್ಲಿ ದಿನಕ್ಕೆ ಹತ್ತಾರು ಸಲ ನಾನು ಇದನ್ನೇ ಮಾಡುತ್ತಿದ್ದೆ, ಎಣಿಸುತ್ತಲೇ ಪಕ್ಕದವರ ಹತ್ತಿರ ಹರಟೆಯನ್ನೂ ಹೊಡೆಯುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನನ್ನ ತಂಗಿಯ ಕಾಲಿನ ಮೇಲೆ ನೀಲಿ ಕಲೆಗಳೆದ್ದವು. ಅವಳು ಹೊಸನಗರದ ಕಡೆ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಡಂ. ಮಕ್ಕಳ ಜತೆ ಓಡಿ ಎಲ್ಲೋ ಬಡಿದುಕೊಂಡಿರಬೇಕು ಎಂದು ನಾನೇ ತಮಾಷೆ ಮಾಡಿದ್ದೆ. ಆಮೇಲೆ ಹಲ್ಲುಜ್ಜಿದರೆ ರಕ್ತ, ಮೆಟ್ಟಿಲು ಹತ್ತಿದರೆ ಏದುಸಿರು. ಅವಳ ರಕ್ತವನ್ನು ಮೊದಲ ಸಲ ಗಾಜಿನ ಮೇಲೆ ಬಿಟ್ಟು ನೋಡಿದಾಗ ಚೌಕಗಳು ಹೆಚ್ಚುಕಡಿಮೆ ಖಾಲಿ ಇದ್ದವು. ನಾನು ಆ ದಿನ ಹರಟೆ ಹೊಡೆಯಲಿಲ್ಲ.

ಮೂಳೆಯ ಒಳಗಿನ ಮಜ್ಜೆ ರಕ್ತ ತಯಾರಿಸುವುದನ್ನು ನಿಲ್ಲಿಸಿಬಿಟ್ಟಿದೆ ಎಂದರು ಡಾಕ್ಟರು. ಎರಡು ದಿನದ ರೈಲು ದಾರಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಹೊಂದುವ ಒಡಹುಟ್ಟಿದವರ ಮಜ್ಜೆ ತೆಗೆದು ರೋಗಿಗೆ ಹಾಕುತ್ತಾರೆ ಎಂದೂ ಹೇಳಿದರು. ನನ್ನದು ಹೊಂದಿತು. ಸೊಂಟದ ಮೂಳೆಗೆ ದಬ್ಬಣದಂಥ ಸೂಜಿ ಚುಚ್ಚಿ ತೆಗೆದರು. ಒಂದು ವಾರ ನನಗೆ ಸರಿಯಾಗಿ ಕೂರಲಾಗಲಿಲ್ಲ, ಆದರೆ ಕೂತವರೆದುರು ಎದೆಯುಬ್ಬಿಸಿಕೊಂಡು ನಿಲ್ಲುವುದಕ್ಕೇನೂ ತೊಂದರೆ ಇರಲಿಲ್ಲ.

ನನ್ನ ಮಜ್ಜೆ ಅವಳ ಮೈಗೆ ಹೋದ ಮೇಲೆ ಮೂರು ವಾರ ಅವಳು ಗಾಜಿನಾಚೆಯ ಕೋಣೆಯಲ್ಲಿದ್ದಳು. ಅವಳ ಹಳೆಯ ಕಣಗಳನ್ನು ಔಷಧ ಕೊಟ್ಟು ಅಳಿಸಿಹಾಕಿದ್ದರು, ಹೊಸವು ಇನ್ನೂ ಹುಟ್ಟಿರಲಿಲ್ಲ. ಆ ನಡುವೆ ಒಂದು ಸಣ್ಣ ಸೋಂಕೂ ಅವಳನ್ನು ಕೊಂಡೊಯ್ಯಬಹುದಿತ್ತು. ಆದ್ದರಿಂದ ಒಂದರ ಮೇಲೊಂದು ಆ್ಯಂಟಿಬಯೋಟಿಕ್ ಬಾಟಲಿಗಳು ಅವಳ ನರಕ್ಕೆ ಇಳಿಯುತ್ತಿದ್ದವು. ಅಮ್ಮನೂ ನಾನೂ ಗಾಜಿಗೆ ಮೂಗು ಒತ್ತಿಕೊಂಡು ನಿಂತಿರುತ್ತಿದ್ದೆವು. 'ಅವಳನ್ನ ಈಗ ಆ ಬಾಟ್ಲಿ ಔಷಧೀನೇ ಕಾಯ್ತಾ ಇರೋದು' ಎಂದು ಅಮ್ಮನಿಗೆ ನಾನೇ ವಿವರಿಸಿದ್ದೆ. ಎಷ್ಟು ಚೆನ್ನಾಗಿ ವಿವರಿಸಿದ್ದೆನೆಂದರೆ ಅಮ್ಮ ಬಾಟಲಿಗೆ ಕೈಮುಗಿದಳು. ಇಪ್ಪತ್ತನೆಯ ದಿನದ ಸುಮಾರಿಗೆ ಕಣಗಳು ಬಂದವು. ಮೊದಲು ಇನ್ನೂರು, ಆಮೇಲೆ ಐನೂರು, ಸಾವಿರ. ಬಂದದ್ದು ನನ್ನವು. ಮುಂದೆ ಅವಳ ರಕ್ತದ ಗುಂಪೂ ನನ್ನದೇ ಆಗುತ್ತದೆ ಎಂದು ಡಾಕ್ಟರು ಹೇಳಿದಾಗ ತಂಗಿ, 'ಇವನ ಸಿಟ್ಟೂ ಬರುತ್ತಾ ಡಾಕ್ಟ್ರೇ?' ಎಂದು ಕೇಳಿದಳು.

ನಾಲ್ಕು ತಿಂಗಳಿಗೆ ಊರಿಗೆ ಕಳಿಸಿದರು. ಊರೆಂದರೆ ತೀರ್ಥಹಳ್ಳಿ. ಅಲ್ಲಿನ ಪೇಟೆಯಲ್ಲಿ ಅಮ್ಮ ಇಡ್ಲಿ, ಬನ್ಸು, ಕಾಫಿಯ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದಳು. ಅಪ್ಪ ಬೇಗ ಹೋದ. ನಮ್ಮಿಬ್ಬರನ್ನು ಸಾಕಿದ್ದು ಆ ಒಲೆಯೇ. ಗಿರಾಕಿ ಒಂದೇ ಇಡ್ಲಿ ಕೇಳಿದರೆ ಅಮ್ಮನಿಗೆ ತಡೆಯಲಾಗುತ್ತಿರಲಿಲ್ಲ. 'ಒಂಟಿ ಹಾಕ್ಬಾರ್ದು ಮಾರಾಯ್ರೆ' ಎಂದು ಇನ್ನೊಂದನ್ನು ಹಾಕಿಯೇ ಬಿಡುತ್ತಿದ್ದಳು. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರ ಕೈಮೇಲೂ ಬಿಸಿ ಇಡ್ಲಿ ಬಿದ್ದದ್ದಿದೆ. ಜನ ಸೇರುವ ಜಾಗ ಮಗಳಿಗೆ ಆಗುವುದಿಲ್ಲವೆಂದು ಅವಳು ಹೋಟೆಲಿನ ಬಾಗಿಲು ಹಾಕಿದಳು. ಹಿಂದಿನ ಮನೆಯಲ್ಲಿ ತಂಗಿಗೆ ಬೇರೆ ಕೋಣೆ, ಬೇರೆ ಪಾತ್ರೆ, ಕುದಿಸಿದ ನೀರು. ದಿನಕ್ಕೆ ನೂರು ಜನಕ್ಕೆ ಬಡಿಸುತ್ತಿದ್ದ ಕೈಗೆ ಈಗ ಒಬ್ಬಳೇ.

ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ಅಮ್ಮನಿಗೆ ನಾನೇ ಓದಿ ಹೇಳಿದೆ. ಮಜ್ಜೆಯನ್ನು ಮೈ ಒಪ್ಪಿಕೊಳ್ಳಲು ಒಂದು ಔಷಧ, ಹೊಟ್ಟೆಗೆ ಒಂದು, ಮತ್ತೆ ಆ ದೊಡ್ಡ ಬಿಳಿ ಸಲ್ಫಾ ಮಾತ್ರೆ, ಶ್ವಾಸಕೋಶಕ್ಕೆ ಸೋಂಕು ತಾಗದಿರಲಿ ಎಂದು. ಅದು ಶನಿವಾರ, ಭಾನುವಾರ ಮಾತ್ರ, ಬೆಳಿಗ್ಗೆ ಒಂದು, ಸಂಜೆ ಒಂದು. ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿ ಬಿಳಿಕಣದ ಅಂಕಿಯನ್ನು ಆಸ್ಪತ್ರೆಗೆ ಕಾರ್ಡು ಬರೆಯಬೇಕು. ಎರಡು ಸಾವಿರಕ್ಕಿಂತ ಕೆಳಗಿಳಿದರೆ ಕಾರ್ಡು ಬೇಡ, ಕೂಡಲೇ ಟ್ರಂಕ್ ಕಾಲ್.

ತೀರ್ಥಹಳ್ಳಿಯಲ್ಲೇ ಎಣಿಸುವವರಿದ್ದರು. ಆದರೆ ನನ್ನ ಮಜ್ಜೆಯನ್ನು ಇನ್ಯಾರೋ ಎಣಿಸುವುದೇ? ಶನಿವಾರ ಸಂಜೆ ಸಾಗರದಿಂದ ಹೊರಟು ಹೊಸನಗರದಲ್ಲಿ ಬಸ್ಸು ಬದಲಿಸಿ ಮನೆಗೆ ಬರುವುದು, ಭಾನುವಾರ ಬೆಳಿಗ್ಗೆ ಅವಳ ತೋಳಿನಿಂದ ರಕ್ತ ತೆಗೆದು ಸೀಸೆಗೆ ಹಾಕಿ, ಸೀಸೆಯನ್ನು ಥರ್ಮಾಸ್ ಫ್ಲಾಸ್ಕಿನಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡು ಸಾಗರಕ್ಕೆ ಹಿಂತಿರುಗುವುದು. ಒಂದು ಸಲ ಹೊಸನಗರದಲ್ಲಿ ಹತ್ತಿದ ಹಿರಿಯರೊಬ್ಬರು ಫ್ಲಾಸ್ಕನ್ನೇ ನೋಡಿ ನೋಡಿ ಕೊನೆಗೆ, 'ಒಂದು ಗುಟುಕು ಚಾ ಸಿಗ್ತದಾ?' ಎಂದರು. ಒಳಗೆ ಏನಿದೆ ಎಂದು ಹೇಳಿದೆ. ಆಮೇಲೆ ಅವರು ನಿಂತುಕೊಂಡೇ ಪ್ರಯಾಣ ಮಾಡಿದರು.

ಮೊದಲ ವಾರ ಮೂರು ಸಾವಿರದ ಆರುನೂರು. ಎರಡನೆಯ ವಾರ ಮೂರು ಸಾವಿರದ ನೂರು. ಇರಲಿ, ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಮೂರನೆಯ ವಾರ ಎರಡು ಸಾವಿರದ ಆರುನೂರು. ಮಜ್ಜೆ ಕೈಕೊಡುತ್ತಿದೆಯೇ? ಅಂದರೆ ನಾನು ಕೈಕೊಡುತ್ತಿದ್ದೇನೆಯೇ? ಮನೆಯವರಿಗೆ ಗೊತ್ತಿಲ್ಲದಂತೆ ನಾನು ಸಿಗರೇಟು ಸೇದುತ್ತಿದ್ದೆ. ಮಜ್ಜೆಗೂ ಸಿಗರೇಟಿಗೂ ಎಂಥ ಸಂಬಂಧವೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಸೇದಿದ ಒಂದೊಂದು ಸಿಗರೇಟೂ ಆ ವಾರ ನೆನಪಿಗೆ ಬಂತು. ಬಸ್ಸಿನಲ್ಲಿ, ಲ್ಯಾಬಿನಲ್ಲಿ, ಉಣ್ಣುವಾಗ, ತಲೆಯಲ್ಲಿ ಅದೇ ಒಂದು ಪ್ರಶ್ನೆ. ಒಂದು ದಿನ ಯಾರದೋ ಮೂತ್ರದ ವರದಿಯನ್ನು ಇನ್ನಾರಿಗೋ ಕೊಟ್ಟು ಬೈಸಿಕೊಂಡೆ.

ನಾಲ್ಕನೆಯ ವಾರ ನಾಲ್ಕು ಚೌಕಗಳಲ್ಲಿ ಸಿಕ್ಕಿದ್ದು ಮೂವತ್ತನಾಲ್ಕು ಕಣ. ಸಾವಿರದ ಏಳುನೂರು. ಫೋನು ಮಾಡಬೇಕಾದ ಅಂಕಿ.

ನಾನು ಕಣ್ಣುಜ್ಜಿಕೊಂಡು ಮತ್ತೆ ಇಣುಕಿದೆ. ಬಲಗಡೆಯ ಗೆರೆಯ ಮೇಲೆ ಮೂರು, ಕೆಳಗಿನ ಗೆರೆಗಳ ಮೇಲೆ ನಾಲ್ಕು ಕಣ ಕೂತಿದ್ದವು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಅವೂ ಅವಳ ಕಣಗಳೇ ತಾನೇ? ಅವನ್ನು ಬಿಡಬೇಕೆಂದು ಯಾರೋ ಎಲ್ಲೋ ಕೂತು ನಿಯಮ ಮಾಡಿದರೆ ಅವು ಇಲ್ಲವಾಗಿಬಿಡುತ್ತವೆಯೇ? ಸೇರಿಸಿದೆ. ನಲವತ್ತೊಂದಾಯಿತು. ಎರಡು ಸಾವಿರದ ಐವತ್ತು. ಅದನ್ನೇ ಕಾರ್ಡಿನಲ್ಲಿ ಬರೆದು ಹಾಕಿದೆ. ಅಮ್ಮನ ಹೋಟೆಲಿನ ಪಕ್ಕದ ಅಂಗಡಿಗೆ ಫೋನು ಮಾಡಿ ಮನೆಯಲ್ಲೂ ಅದನ್ನೇ ಹೇಳಿದೆ. ವಿದ್ಯೆ ಬಲ್ಲವನ ಸುಳ್ಳು ಹೀಗಿರುತ್ತದೆ, ಅದಕ್ಕೂ ಒಂದು ಲೆಕ್ಕ ಇರುತ್ತದೆ.

ಐದನೆಯ ವಾರ ಇಪ್ಪತ್ತಾರು ಕಣ, ಸಾವಿರದ ಮುನ್ನೂರು. ಆ ಸಲ ಗೆರೆಯ ಮೇಲಿನವನ್ನೆಲ್ಲ ಬಾಚಿಕೊಂಡರೂ ಸಾಲಲಿಲ್ಲ. ಹೊಸ ಹನಿ ಬಿಟ್ಟು ಎಣಿಸಿದೆ, ಮತ್ತೊಂದು ಹನಿ ಬಿಟ್ಟು ಎಣಿಸಿದೆ. ಕೊನೆಗೆ ಗಾಜು ತೊಳೆದಿಟ್ಟು, ಕಾರ್ಡಿನಲ್ಲಿ ಎರಡು ಸಾವಿರದ ನೂರು ಎಂದು ಸುಮ್ಮನೆ ಬರೆದೆ. ಮುಂದಿನ ವಾರ ಏರುತ್ತದೆ, ಖಂಡಿತ ಏರುತ್ತದೆ, ಒಂದು ವಾರಕ್ಕೋಸ್ಕರ ಅವಳನ್ನು ಮತ್ತೆ ಎರಡು ದಿನ ರೈಲಿನಲ್ಲಿ ಕೂರಿಸಿ ಆ ಗಾಜಿನ ಕೋಣೆಗೆ ಯಾಕೆ ತಳ್ಳಬೇಕು, ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ನನ್ನ ಮಜ್ಜೆ ಸೋತಿತು ಎಂದು ಯಾರ ಬಾಯಲ್ಲೂ ಕೇಳುವ ಧೈರ್ಯ ನನಗಿರಲಿಲ್ಲ. ಫೋನಿನಲ್ಲಿ ಅಮ್ಮನಿಗೆ ಅಂಕಿ ಹೇಳಿದಾಗ ಅವಳು, 'ಹೋದ್ವಾರಕ್ಕಿಂತ ಐವತ್ತು ಜಾಸ್ತಿ, ಅಲ್ದಾ?' ಎಂದು ನಕ್ಕಳು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಅದೇ ವಾರದ ಬುಧವಾರ ಮಧ್ಯಾಹ್ನ ಲ್ಯಾಬಿಗೆ ಫೋನು ಬಂತು. ತಂಗಿಗೆ ಚಳಿ ಜ್ವರ, ತೀರ್ಥಹಳ್ಳಿಯ ಆಸ್ಪತ್ರೆಗೆ ಸೇರಿಸಿದ್ದಾರೆ. ಸಿಕ್ಕಿದ ಬಸ್ಸು ಹತ್ತಿದೆ. ಹೊಸನಗರದಲ್ಲಿ ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಿತ್ತು. ಅಲ್ಲಿ ಕೂರಲಾಗದೆ, ನಿಲ್ಲಲಾಗದೆ, ಕಂಡಕ್ಟರೊಬ್ಬನ ಜತೆ ಸುಮ್ಮಸುಮ್ಮನೆ ಜಗಳ ತೆಗೆದೆ. ಅವನು ಪಾಪ, ಆ ಬಸ್ಸಿನವನೇ ಅಲ್ಲ.

ಆಸ್ಪತ್ರೆ ತಲುಪಿದಾಗ ತಂಗಿಯ ಮುಖ ಕೆಂಪಾಗಿ, ತುಟಿ ಒಣಗಿ ಬಿರಿದಿತ್ತು. ನೂರ ಮೂರು ಡಿಗ್ರಿ ಜ್ವರ. ಅಲ್ಲಿನ ಮೈಕ್ರೋಸ್ಕೋಪಿನಲ್ಲಿ ಎಣಿಸಿದೆ. ಹದಿನಾಲ್ಕು. ಅಂದರೆ ಏಳುನೂರು. ಅಲ್ಲಿಯ ಟೆಕ್ನಿಶಿಯನ್ನರೂ ಎಣಿಸಿದರು, ಹದಿನಾಲ್ಕೇ. ಅಮ್ಮನನ್ನು ಕರೆದುಕೊಂಡು ಅಂಚೆ ಕಚೇರಿಗೆ ಓಡಿದೆ. ಟ್ರಂಕ್ ಕಾಲ್ ಸಿಕ್ಕುವವರೆಗೆ ಅಮ್ಮ ಬೆಂಚಿನ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಮಡಚಿ ಮಡಚಿ ಬಿಚ್ಚುತ್ತಿದ್ದಳು.

ಲೈನು ಸಿಕ್ಕಿತು. ದೂರದ ಡಾಕ್ಟರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ನಾನು ಕಿರುಚಿ ಉತ್ತರ ಹೇಳುತ್ತಿದ್ದೆ. ಏಳುನೂರು ಎಂದ ಕೂಡಲೇ ಅವರು ಭಾನುವಾರ ಎಷ್ಟಿತ್ತು ಎಂದು ಕೇಳಿದರು, ಕಾರ್ಡಿನಲ್ಲಿ ಬರೆದದ್ದನ್ನೇ ಹೇಳಿದೆ. 'ಎರಡು ಸಾವಿರದ ನೂರು? ಮೂರು ದಿನದಲ್ಲಿ ಇಷ್ಟು ಇಳಿಯಿತೇ?'

ನಿಜ ಹೇಳುವುದಿದ್ದರೆ ಅದೇ ಹೊತ್ತು. 'ಹೌದು' ಎಂದೆ.

ಅವರು ಒಂದೊಂದೇ ಔಷಧದ ಹೆಸರು ಹೇಳಿ ಎಷ್ಟು ಕೊಡುತ್ತಿದ್ದೀರಿ ಎಂದು ಕೇಳತೊಡಗಿದರು. ನಾನು ಫೋನಿಗೆ ಕೈ ಅಡ್ಡ ಹಿಡಿದು ಅಮ್ಮನನ್ನು ಕೇಳಿ ಕೇಳಿ ಹೇಳುತ್ತಿದ್ದೆ. ಸಲ್ಫಾ ಮಾತ್ರೆಯ ಸರದಿ ಬಂತು.

'ಅಮ್ಮ, ಆ ದೊಡ್ಡ ಬಿಳಿ ಮಾತ್ರೆ. ಒಂದೊಂದೇ ತಾನೆ?'

'ಎರಡೆರಡು.'

'ಎಂತದು?'

'ಬೆಳಿಗ್ಗೆ ಎರಡು, ಸಂಜೆ ಎರಡು. ಒಂಟಿ ಹೆಂಗೆ ಕೊಡೋದು? ಸೋಂಕು ಬರದಂಗೆ ಕಾಯೋ ಮಾತ್ರೆ ಅಂದಿದ್ಯಲ್ಲ ನೀನೇ.'

'ಶನಿವಾರ, ಭಾನುವಾರ ಮಾತ್ರ ತಾನೆ?'

ಅಮ್ಮ ನನ್ನ ಮುಖ ನೋಡಿ ಹೆದರಿದಳು. 'ದಿನಾನೂ ಕೊಟ್ಟೆ. ನೋಡಕ್ಕೆ ಬಂದೋರು ಕೆಮ್ತಿದ್ರು ಕಣಾ. ವಾರದಲ್ಲಿ ಐದು ದಿನ ಅವಳನ್ನ ಯಾರು ಕಾಯ್ಬೇಕು ಹಂಗಾದ್ರೆ? ಮುಗೀತು ಅಂತ ಅಂಗಡೀಲಿ ಮತ್ತೆ ತರ್ಸಿದೆ.'

ಔಷಧಿ ಅಂಗಡಿಯಲ್ಲಿ ಚೀಟಿ ಕೇಳುವ ಕಾಲವಲ್ಲ ಅದು. ನಾನು ಇದ್ದದ್ದನ್ನು ಇದ್ದ ಹಾಗೆ ಡಾಕ್ಟರಿಗೆ ಹೇಳಿದೆ. ಅವರು ಒಂದು ಉಸಿರು ಬಿಟ್ಟದ್ದು ಅಷ್ಟು ದೂರದಿಂದಲೂ ಕೇಳಿತು. ಆ ಮಾತ್ರೆ ಹೆಚ್ಚಾದರೆ ಎಳೆಯ ಮಜ್ಜೆಯನ್ನು ಅದುಮಿಬಿಡುತ್ತದೆ, ಕಣ ಹುಟ್ಟಲು ಬಿಡುವುದಿಲ್ಲ, ಈಗಲೇ ನಿಲ್ಲಿಸಿ ಎಂದರು. ಜ್ವರಕ್ಕೆ ಎರಡು ಬೇರೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ನುಗಳ ಹೆಸರು ಬರೆಸಿದರು, ಈ ಗಂಟೆಯಿಂದಲೇ ಶುರುವಾಗಬೇಕು. ಎರಡು ದಿನದಲ್ಲಿ ಜ್ವರ ಇಳಿಯದಿದ್ದರೆ ಹೇಗಾದರೂ ಮಾಡಿ ಕರೆತನ್ನಿ. ಮಜ್ಜೆ ಮತ್ತೆ ಏಳುತ್ತದೆಯೇ ಎಂದು ಕೇಳಿದೆ. 'ಏಳಬೇಕು' ಎಂದರು. ಏಳುತ್ತದೆ ಎನ್ನಲಿಲ್ಲ.

ಫೋನಿಟ್ಟವನು ಅಮ್ಮನ ಮೇಲೆ ಹರಿಹಾಯ್ದೆ. ಸ್ಟಾಂಪು ಕೊಳ್ಳಲು ನಿಂತವರೆಲ್ಲ ತಿರುಗಿ ನೋಡಿದರು. 'ಇಡ್ಲಿ ಅಂದ್ಕೊಂಡ್ಯಾ? ಮಾತ್ರೆ ಅದು! ಕೊಂದೇಬಿಡ್ತಿದ್ಯಲ್ಲ ಅವಳನ್ನ!' ಎಂದು ಕೂಗಿದೆ. ಕೂಗುವಾಗ ನನಗೆ ಎಷ್ಟು ಹಗುರವಾಗುತ್ತಿತ್ತೆಂದರೆ, ಈಗ ಹೇಳಲು ಬಾಯಿ ಬರುವುದಿಲ್ಲ. ತಪ್ಪು ನನ್ನ ಮಜ್ಜೆಯದಲ್ಲ!

ಆಮೇಲಿನ ಹನ್ನೆರಡು ದಿನ ನಾನು ಸಾಗರಕ್ಕೆ ಹೋಗಲಿಲ್ಲ. ಇಂಜೆಕ್ಷನ್ನು ದಿನಕ್ಕೆ ಮೂರು ಸಲ, ಜ್ವರ ನೋಡುವುದು ಗಂಟೆಗೊಂದು ಸಲ. ಮೊದಲ ದಿನ ಜ್ವರ ಇಳಿಯಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಬೆವರಿ ಇಳಿಯಿತು, ಸಂಜೆ ಮತ್ತೆ ಏರಿತು, ಮರುದಿನ ಇಳಿದದ್ದು ಮತ್ತೆ ಏರಲಿಲ್ಲ. ಕಣಗಳು ಮಾತ್ರ ಅಲುಗಲಿಲ್ಲ. ಏಳುನೂರು. ಆರುನೂರ ಐವತ್ತು. ಏಳುನೂರು. ಸಲ್ಫಾ ಎಂಬ ಒಂದು ಆ್ಯಂಟಿಬಯೋಟಿಕ್ ಹೊಸಕಿಹಾಕಿದ್ದನ್ನು ಇನ್ನೆರಡು ಆ್ಯಂಟಿಬಯೋಟಿಕ್ ಕೈಯಲ್ಲಿ ಹಿಡಿದು ಕೂತಿದ್ದವು, ಕಣಗಳು ತಾವಾಗಿ ಎದ್ದು ಬರುವವರೆಗೆ. ಎಷ್ಟು ದಿನ ಹಿಡಿದಿರಬಲ್ಲವು ಎಂದು ಯಾರಿಗೂ ಗೊತ್ತಿರಲಿಲ್ಲ.

ಅಮ್ಮ ವಾರ್ಡಿನ ಒಳಗೆ ಬರುವುದನ್ನೇ ಬಿಟ್ಟಳು. ಹೊರಗಿನ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದಳು. ಗಂಜಿ ಮಾಡಿ ತಂದರೂ ಅದನ್ನು ನರ್ಸಿನ ಕೈಗೆ ಕೊಟ್ಟು ಕಳಿಸುತ್ತಿದ್ದಳು. 'ನನ್ನ ಕೈಯಿಂದ ಬ್ಯಾಡ' ಎನ್ನುತ್ತಿದ್ದಳು. ಬಂದುಹೋಗುವ ನೆಂಟರಿಗೆಲ್ಲ ವಿಷಯ ಗೊತ್ತಾಗಿತ್ತು. ತಾಯಿಯೇ ಹೀಗೆ ಮಾಡಿಕೊಂಡಳಂತೆ ಎಂದು ಅವಳಿಗೆ ಕೇಳುವಂತೆಯೇ ಮಾತಾಡಿಕೊಂಡರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ಹನ್ನೊಂದನೆಯ ದಿನ ಸಾವಿರದ ನೂರು. ಹನ್ನೆರಡನೆಯ ದಿನ ನಾಲ್ಕು ಚೌಕಗಳಲ್ಲಿ ಮೂವತ್ತಮೂರು ಕಣ. ಬಲಗಡೆಯ ಗೆರೆಯನ್ನು ಮುಟ್ಟಿದ ಎರಡನ್ನು ಬಿಟ್ಟೇ ಎಣಿಸಿದ್ದೆ. ಸಾವಿರದ ಆರುನೂರ ಐವತ್ತು! ಮೂರು ವಾರದ ಹಿಂದೆ ಇದಕ್ಕಿಂತ ಐವತ್ತು ಹೆಚ್ಚಿದ್ದ ಅಂಕಿಯನ್ನು ನಾನು ನಾಚಿಕೆಯಿಂದ ಬಚ್ಚಿಟ್ಟಿದ್ದೆ. ಈಗ ಮೈಕ್ರೋಸ್ಕೋಪಿನ ಮುಂದಿನ ಸ್ಟೂಲಿನ ಮೇಲೆಯೇ ಕೂತು ಅತ್ತೆ.

ಮುಖ ತೊಳೆದುಕೊಂಡು ವಾರ್ಡಿಗೆ ಹೋದೆ. ತಂಗಿ ದಿಂಬಿಗೆ ಒರಗಿ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು, 'ಅಮ್ಮನ್ನ ಒಳಗೆ ಕರ್ಕೊಂಬಾ. ಅವಳ್ದೊಂದೇ ತಪ್ಪಲ್ಲ. ಒಂದೇ ಮಾತ್ರೆ ಅಂತ ನಂಗೊತ್ತಿತ್ತು. ಚೀಟಿ ನಾನೂ ಓದಿದ್ನಲ್ಲ.'

ನನ್ನ ಪಿತ್ತ ನೆತ್ತಿಗೇರಿತು. 'ಮತ್ತೆ ಎಂತಕ್ಕೆ ನುಂಗ್ದೆ?'

'ಎರಡನ್ನೂ ನುಂಗಿದ್ ಮೇಲೇನೇ ಅಮ್ಮ ಊಟಕ್ಕೆ ಕೂರ್ತಿದ್ದದ್ದು. ಅದಲ್ದೆ...' ಅವಳು ಹೊದಿಕೆ ಸರಿಮಾಡಿಕೊಂಡಳು. 'ನಂಗೂ ಹೆದ್ರಿಕೆ ಇತ್ತಲ್ಲ ಅಣ್ಣಾ. ಒಂದು ಹೆಚ್ಚಿದ್ರೆ ಒಳ್ಳೇದೇ ಅಲ್ದಾ ಅನ್ನಿಸ್ತಿತ್ತು. ಮತ್ತೆ ನೀನು ವಾರವಾರ ನಂಬರು ಸರಿ ಇದೆ ಅಂತಿದ್ಯಲ್ಲ. ಸರಿ ಇದ್ಮೇಲೆ ಎಂತಕ್ಕೆ ನಿಲ್ಸೋದು ಅಂತ ಸುಮ್ನಿದ್ದೆ.'

ಆ ಕ್ಷಣದಲ್ಲಿ ಸುಮ್ಮನಿದ್ದರೆ ಸಾಯುವವರೆಗೂ ಸುಮ್ಮನಿರಬೇಕಾಗುತ್ತದೆ ಎಂದು ಗೊತ್ತಾಯಿತು. ಹೇಳಿದೆ. ಸಾವಿರದ ಏಳುನೂರು ಬಂದಾಗ ಗೆರೆಯ ಮೇಲಿನವನ್ನು ಸೇರಿಸಿದ್ದು, ಸಾವಿರದ ಮುನ್ನೂರು ಬಂದಾಗ ಸುಮ್ಮನೆ ಬರೆದದ್ದು, ಅಂಚೆ ಕಚೇರಿಯಲ್ಲಿ ಡಾಕ್ಟರು ಕೇಳಿದಾಗಲೂ ಹೌದು ಎಂದದ್ದು.

ತಂಗಿಯ ಕಣ್ಣು ತುಂಬಿತು. 'ನನ್ನ ನಂಬರನ್ನ ನಂಗೇ ಸುಳ್ಳು ಹೇಳಿದ್ಯಲ್ಲ' ಎಂದಳು.

ಆಮೇಲೆ ಕಣ್ಣೊರೆಸಿಕೊಂಡು ಅವಳೇ ಕೇಳಿದಳು.

'ಇವತ್ತು ಎಷ್ಟು?'

'ಸಾವಿರದ ಆರುನೂರ ಐವತ್ತು.'

'ನಿಜವಾ?'

'ನಿಜ. ಬೇಕಾದ್ರೆ ಅವರನ್ನೂ ಎಣಿಸಕ್ಕೆ ಹೇಳ್ತೀನಿ.'

'ಬ್ಯಾಡ. ಹೋಗು, ಅಮ್ಮಂಗೆ ಹೇಳು. ಎಲ್ಲಾನೂ.'

'ಸಂಜೆ ಹೇಳ್ತೀನಿ.'

'ಈಗ.'

ಹೊರಗೆ ಬಂದೆ. ನನ್ನನ್ನು ಕಂಡದ್ದೇ ಅಮ್ಮ ಬೆಂಚಿನಿಂದ ಎದ್ದು ನಿಂತು, 'ಎಂತ ಆತು? ಇಳೀತಾ?' ಎಂದಳು. ಇವತ್ತಿನ ಅಂಕಿಯನ್ನು ಮೊದಲು ಹೇಳಿಬಿಟ್ಟರೆ ಉಳಿದದ್ದು ಸಂತೋಷದಲ್ಲಿ ಮುಚ್ಚಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಹಳೆಯವೆರಡನ್ನು ಮೊದಲು ಹೇಳಿದೆ, ನಿಜವಾಗಿ ಬಂದದ್ದೆಷ್ಟು, ನಾನು ಬರೆದದ್ದೆಷ್ಟು ಎಂದು. ಅವತ್ತೇ ಫೋನು ಮಾಡಿದ್ದರೆ ಡಾಕ್ಟರು ಮಾತ್ರೆಯ ವಿಷಯವನ್ನು ಅವತ್ತೇ ಕೇಳುತ್ತಿದ್ದರು, ಈ ಜ್ವರವೇ ಬರುತ್ತಿರಲಿಲ್ಲವೇನೋ ಎಂದೂ ಹೇಳಿದೆ. ಕೊನೆಯಲ್ಲಿ ಇವತ್ತಿನದು ಹೇಳಿದೆ.

ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದ ನನ್ನನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಒಳಗೆ ಹೋಗಿ, ಮಗಳ ಮಂಚದ ಮೇಲೆ ಕೂತುಕೊಂಡಳು.